ವ್ಯಸನಮುಕ್ತಿಗಾಗಿ ಕ್ರೈಸ್ತ ವಸತಿ ಶಿಷ್ಯತ್ವ ಕೇಂದ್ರ: ಆರಿಸುವುದು, ಸೇರುವುದು, ಹೊರಬರುವುದು

ಕುಡಿತದಿಂದಲೋ ಮಾದಕ ವಸ್ತುಗಳಿಂದಲೋ ಬಿಡಿಸಿಕೊಳ್ಳಲು ಹಂಬಲಿಸುವವರಿಗಾಗಿ ಕ್ರೈಸ್ತ ಸಂಸ್ಥೆಗಳು ನಡೆಸುವ ವಸತಿ ಶಿಷ್ಯತ್ವ ಕೇಂದ್ರಗಳು, ಅಂದರೆ ಯೇಸುವಿನ ಶಿಷ್ಯರಾಗಿ ಬಾಳುವುದನ್ನು ಕಲಿಸುವ ಕೇಂದ್ರಗಳು, ಹಲವು ದೇಶಗಳಲ್ಲಿವೆ. ಅಲ್ಲಿ ಸೇರಿದವರು ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಒಂದೇ ಸೂರಿನಡಿ ಬಾಳುತ್ತಾ, ಪ್ರಾರ್ಥನೆ, ಸತ್ಯವೇದದ (ಬೈಬಲ್) ಅಧ್ಯಯನ, ಮೈಮುರಿಯುವ ದುಡಿಮೆ ಮತ್ತು ಆಪ್ತಸಲಹೆಗಳಿರುವ ಕಟ್ಟುನಿಟ್ಟಾದ ದಿನಚರಿಯಲ್ಲಿ ಹೊಸ ಬದುಕನ್ನು ರೂಢಿಸಿಕೊಳ್ಳುತ್ತಾರೆ. ಈ ದಾರಿಯಲ್ಲಿ ನಡೆದು ಬದುಕನ್ನು ಮರಳಿ ಪಡೆದವರಿದ್ದಾರೆ. ಏನೂ ವಿಚಾರಿಸದೆ ಸೇರಿ, ನೊಂದು ಹಿಂದಿರುಗಿದವರೂ ಇದ್ದಾರೆ. ಇದರಲ್ಲಿ ಯಾವುದು ಆಗುತ್ತದೆಂಬುದು ಬಹುಮಟ್ಟಿಗೆ ಸೇರುವ ಮುಂಚಿನ ಕೆಲವು ವಾರಗಳಲ್ಲಿ ಮತ್ತು ಹೊರಬಂದ ನಂತರದ ಕೆಲವು ತಿಂಗಳುಗಳಲ್ಲಿ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ಬರಹ ಆ ಎರಡು ಘಟ್ಟಗಳ ಬಗ್ಗೆಯೇ ಹೆಚ್ಚು ಹೇಳುತ್ತದೆ.

ಎಲ್ಲ ಕೇಂದ್ರಗಳೂ ಒಂದೇ ಬಗೆಯವಲ್ಲ. ಡೇವಿಡ್ ವಿಲ್ಕರ್ಸನ್ ಎಂಬ ಪಾಸ್ಟರ್ 1958ರಲ್ಲಿ ನ್ಯೂಯಾರ್ಕ್‌ನ ಬೀದಿ ಯುವಕರ ನಡುವೆ ಆರಂಭಿಸಿದ ಸೇವೆಯಿಂದ ಬೆಳೆದ ಟೀನ್ ಚಾಲೆಂಜ್, ಸುಮಾರು ಒಂದು ವರ್ಷದ ಪಾಠಕ್ರಮವುಳ್ಳ ಮಾದರಿಯನ್ನು ಹಲವು ದೇಶಗಳಿಗೆ ಒಯ್ದಿದೆ. 1980ರ ದಶಕದಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಬೆಟೆಲ್ ಸಮುದಾಯಗಳಲ್ಲಿ ನಿವಾಸಿಗಳಿಂದ ಶುಲ್ಕ ಪಡೆಯುವುದಿಲ್ಲ. ಪೀಠೋಪಕರಣ ದುರಸ್ತಿ, ತೋಟದ ಕೆಲಸ ಮುಂತಾದವುಗಳನ್ನು ಎಲ್ಲರೂ ಸೇರಿ ಮಾಡಿ ಸಮುದಾಯದ ಖರ್ಚನ್ನು ತೂಗಿಸುತ್ತಾರೆ, ಮುಂದಾಳುಗಳಲ್ಲಿಯೂ ಹಲವರು ಹಿಂದೊಮ್ಮೆ ವ್ಯಸನಿಗಳಾಗಿದ್ದವರೇ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಪುನರ್ವಸತಿ ಕೇಂದ್ರಗಳು ದುಡಿಮೆಯನ್ನೇ ಚೇತರಿಕೆಯ ಒಂದು ಅಂಗವೆಂದು ಕಾಣುತ್ತವೆ. ಇವುಗಳಲ್ಲದೆ, ಯಾವ ದೊಡ್ಡ ಸಂಸ್ಥೆಗೂ ಸೇರದೆ ಒಂದು ಸಭೆ (ಚರ್ಚ್) ಅಥವಾ ಒಂದು ಕುಟುಂಬ ನಡೆಸುವ ಸಣ್ಣ ಮನೆಗಳೂ ಇವೆ. ಸಣ್ಣ ಮನೆಯಲ್ಲಿ ಪ್ರೀತಿ ಹೆಚ್ಚಿರಬಹುದು, ಮೇಲ್ವಿಚಾರಣೆ ಕಡಿಮೆಯಿರಬಹುದು. ವಿಚಾರಿಸುವಾಗ ಎರಡನ್ನೂ ನೆನಪಿನಲ್ಲಿಡಬೇಕು.

ಮೊದಲು ವೈದ್ಯರ ಬಳಿಗೆ

ಇಂಥ ಕೇಂದ್ರಗಳಲ್ಲಿ ಹೆಚ್ಚಿನವು ಆಸ್ಪತ್ರೆಗಳಲ್ಲ, ಪೂರ್ಣಾವಧಿಯ ವೈದ್ಯರೂ ಅಲ್ಲಿ ಇರುವುದಿಲ್ಲ. ಈ ಒಂದು ವಿಷಯವನ್ನು ಮರೆತದ್ದಕ್ಕೆ ಪ್ರಾಣದ ಬೆಲೆ ತೆರಬೇಕಾಗಬಹುದು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ತೀವ್ರ ನಡುಕ, ಜ್ವರ, ಇಲ್ಲದ್ದನ್ನು ಕಾಣುವ ಭ್ರಮೆ ಮತ್ತು ಗೊಂದಲಗಳು ಒಟ್ಟಾಗಿ ಕಾಣಿಸಿಕೊಳ್ಳಬಹುದು. ಚಿಕಿತ್ಸೆ ಸಿಗದಿದ್ದರೆ ಈ ಸ್ಥಿತಿಯಲ್ಲಿ ಸಾವು ಸಂಭವಿಸಬಹುದು. ಅಲ್ಪ್ರಜೋಲಾಮ್, ಡಯಾಜೆಪಾಮ್‌ನಂಥ ನಿದ್ರೆ ಅಥವಾ ಆತಂಕದ ಮಾತ್ರೆಗಳಿಗೆ ಅಂಟಿಕೊಂಡವರಿಗೂ ಇದೇ ಅಪಾಯವಿರುವುದರಿಂದ, ಅವುಗಳ ಪ್ರಮಾಣವನ್ನು ವೈದ್ಯರು ವಾರಗಳ ಕಾಲ ಹಂತಹಂತವಾಗಿ ಇಳಿಸುತ್ತಾರೆ. ಹೆರಾಯಿನ್‌ನಂಥ ಅಫೀಮು ವರ್ಗದ ವಸ್ತುಗಳನ್ನು ಬಿಟ್ಟಾಗ ಆಗುವ ಯಾತನೆ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ; ಆದರೆ ಎಡೆಬಿಡದ ವಾಂತಿ ಭೇದಿಗಳಿಂದ ದೇಹದ ನೀರೆಲ್ಲ ಬತ್ತುವುದೂ ಅಪಾಯವೇ.

ಆದ್ದರಿಂದ ಡಿಟಾಕ್ಸ್, ಅಂದರೆ ದೇಹವನ್ನು ಮದ್ಯ ಅಥವಾ ಮಾದಕ ವಸ್ತುವಿನಿಂದ ಬಿಡಿಸುವ ಮೊದಲ ಹಂತ, ಆಸ್ಪತ್ರೆಯಲ್ಲಿ ಅಥವಾ ವೈದ್ಯರ ನಿಗಾದಲ್ಲಿ ಮುಗಿದ ಬಳಿಕವೇ ಕೇಂದ್ರಕ್ಕೆ ಹೋಗುವುದು ಸುರಕ್ಷಿತ. ವ್ಯಕ್ತಿ ಏನನ್ನು, ಎಷ್ಟು ಕಾಲದಿಂದ, ಎಷ್ಟು ಪ್ರಮಾಣದಲ್ಲಿ ಬಳಸುತ್ತಿದ್ದನೆಂಬುದನ್ನು ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಮನೆಯ ಮಾನ ಉಳಿಸಲು ಪ್ರಮಾಣ ತಗ್ಗಿಸಿ ಹೇಳಿದರೆ ಔಷಧದ ಪ್ರಮಾಣವೂ ತಪ್ಪುತ್ತದೆ. ಇದೇ ಸಂದರ್ಭದಲ್ಲಿ ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಸಾಮೂಹಿಕ ವಾಸದ ಕಾರಣಕ್ಕೆ ಅನೇಕ ಕೇಂದ್ರಗಳು ಇಂಥ ವರದಿಗಳನ್ನು ಕೇಳುತ್ತವೆ.

ಅಫೀಮು ವರ್ಗದ ವಸ್ತುಗಳ ವ್ಯಸನಕ್ಕೆ ವೈದ್ಯರು ಕೊಡುವ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿರುವವರ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಈ ಎರಡೂ ಔಷಧಗಳು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ, ಮಿತಿಮೀರಿದ ಸೇವನೆಯಿಂದಾಗುವ ಸಾವನ್ನು ಗಣನೀಯವಾಗಿ ತಗ್ಗಿಸುತ್ತವೆ. ಆದರೂ ಅನೇಕ ಶಿಷ್ಯತ್ವ ಕೇಂದ್ರಗಳು ಇವುಗಳಿಗೆ ಅವಕಾಶ ಕೊಡುವುದಿಲ್ಲ. ಅಂಥ ಕೇಂದ್ರಕ್ಕೆ ಸೇರಲೆಂದು ಔಷಧವನ್ನು ಒಮ್ಮೆಗೇ ನಿಲ್ಲಿಸುವುದಕ್ಕಿಂತ, ಔಷಧವನ್ನು ಒಪ್ಪುವ ಬೇರೆ ಕೇಂದ್ರವನ್ನು ಹುಡುಕುವುದೇ ಮೇಲು. ಖಿನ್ನತೆ, ಸ್ಕಿಜೋಫ್ರೇನಿಯಾ, ಮೂರ್ಛೆರೋಗ, ಸಕ್ಕರೆ ಕಾಯಿಲೆಗಳ ಮಾತ್ರೆಗಳ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯೇ ಇಲ್ಲ: ವಿಶ್ವಾಸವಿದ್ದರೆ ಮಾತ್ರೆ ಬೇಡವೆಂದು ಹೇಳುವ ಕೇಂದ್ರದಿಂದ ಆ ಕ್ಷಣವೇ ಎದ್ದು ಬರಬೇಕು. ಸತ್ಯವೇದದಲ್ಲಿ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳಲ್ಲೊಂದನ್ನು ಬರೆದ ಲೂಕನನ್ನು ಸಭೆ ವೈದ್ಯನೆಂದೇ ನೆನೆಯುತ್ತದೆ. ಔಷಧ ತೆಗೆದುಕೊಳ್ಳುವುದು ಅವಿಶ್ವಾಸವೆಂಬ ಮಾತಿಗೆ ಕ್ರೈಸ್ತ ಪರಂಪರೆಯಲ್ಲಿ ಗಟ್ಟಿಯಾದ ಬುಡವಿಲ್ಲ.

ಕೇಂದ್ರವನ್ನು ಕಣ್ಣಾರೆ ನೋಡುವುದು

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಯೇಸು ಸ್ವಾಮಿ ಕೇಳಿದ್ದು ಶಿಷ್ಯತ್ವದ ಬಗ್ಗೆ ಮಾತನಾಡುವಾಗಲೇ. ಹಾಗಾಗಿ ಪ್ರಶ್ನೆ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಸಾಧ್ಯವಾದರೆ ಸೇರಬೇಕಾದ ವ್ಯಕ್ತಿಯೊಂದಿಗೇ ಹೋಗಿ, ಒಂದು ಹೊತ್ತಿನ ಊಟವನ್ನು ನಿವಾಸಿಗಳ ಜೊತೆಯಲ್ಲೇ ಮಾಡುವುದು ಬಹಳ ಉಪಯುಕ್ತ. ಮುಖ್ಯಸ್ಥರು ಪಂಕ್ತಿಯಲ್ಲಿದ್ದಾಗ ಇದ್ದ ಮಾತುಕತೆ ಅವರು ಎದ್ದುಹೋದ ಮೇಲೂ ಹಾಗೆಯೇ ಇದೆಯೇ, ತಟ್ಟನೆ ಮೌನ ಕವಿಯುತ್ತದೆಯೇ ಅಥವಾ ಆಗಷ್ಟೇ ನಗು ಶುರುವಾಗುತ್ತದೆಯೇ, ಹೊಸಬನ ತಟ್ಟೆಯನ್ನು ಹಳಬರು ಗಮನಿಸಿ ಬಡಿಸುತ್ತಾರೆಯೇ ಎಂಬುದನ್ನು ನೋಡಿದರೆ ಮಾಹಿತಿ ಪುಸ್ತಿಕೆಯಲ್ಲಿ ಇಲ್ಲದ ಎಷ್ಟೋ ವಿಷಯ ತಿಳಿಯುತ್ತದೆ. ಮಲಗುವ ಕೋಣೆ, ಶೌಚಾಲಯ, ಕಿಟಕಿಗಳನ್ನು ನೋಡಲು ಬಿಡದ ಕೇಂದ್ರವನ್ನು ನಾನಂತೂ ಯಾರಿಗೂ ಸೂಚಿಸುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ಸಮ್ಮತಿಯ ಕುರಿತದ್ದು. ವಯಸ್ಕನೊಬ್ಬ ತಾನು ಹೊರಡುತ್ತೇನೆಂದರೆ ಏನಾಗುತ್ತದೆ, ಅವನ ಗುರುತಿನ ಚೀಟಿ, ಹಣ, ಫೋನ್ ಯಾರ ಬಳಿ ಇರುತ್ತವೆ, ಕೇಳಿದ ದಿನವೇ ಕೊಡುತ್ತಾರೆಯೇ ಎಂಬುದಕ್ಕೆ ನೇರ ಉತ್ತರ ಬೇಕು. ಹೊರಡುವವರನ್ನು ಕುಳ್ಳಿರಿಸಿಕೊಂಡು ಮಾತನಾಡಿ, ಒಂದು ರಾತ್ರಿ ಯೋಚಿಸು ಎಂದು ಕೇಳಿಕೊಳ್ಳುವುದು ಒಳ್ಳೆಯ ಪದ್ಧತಿ. ಕೋಣೆಗೆ ಬೀಗ ಹಾಕುವುದು, ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಎರಡನೆಯದು ದುಡಿಮೆಯ ಪ್ರಶ್ನೆ. ದುಡಿಮೆ ಚದುರಿದ ಬದುಕಿಗೆ ಹದ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ದಿನಕ್ಕೆ ಎಷ್ಟು ಗಂಟೆ, ಯಾರಿಗಾಗಿ, ಆದಾಯ ಎಲ್ಲಿಗೆ ಹೋಗುತ್ತದೆ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಬರಹದಲ್ಲಿರಬೇಕು. ಅಧ್ಯಯನಕ್ಕೂ ಆಪ್ತಸಲಹೆಗೂ ಸಮಯವೇ ಉಳಿಯದಷ್ಟು ದುಡಿಸುವ ಕಡೆ ಶಿಷ್ಯತ್ವ ಹೆಸರಿಗಷ್ಟೇ ಇರುತ್ತದೆ.

ಶುಲ್ಕ, ಮಧ್ಯದಲ್ಲಿ ಬಿಟ್ಟರೆ ಹಣ ಹಿಂದಿರುಗುತ್ತದೆಯೇ ಎಂಬ ವಿವರ, ಸ್ಥಳೀಯ ಕಾನೂನು ಕೇಳುವ ಪರವಾನಗಿ, ಮಹಿಳೆಯರಿಗೆ ಮಹಿಳಾ ಸಿಬ್ಬಂದಿ: ಇವೆಲ್ಲ ಮಾಮೂಲು ಪ್ರಶ್ನೆಗಳು, ಐದು ನಿಮಿಷದಲ್ಲಿ ಮುಗಿಯುತ್ತವೆ. ಹೆಚ್ಚು ಹೊತ್ತು ಕೊಡಬೇಕಾದದ್ದು ವಿಶ್ವಾಸದ ಪ್ರಶ್ನೆಗೆ. ಸೇರುವವರು ಕ್ರೈಸ್ತರಲ್ಲದಿದ್ದರೆ ಅಥವಾ ವಿಶ್ವಾಸದಿಂದ ದೂರ ಸರಿದವರಾಗಿದ್ದರೆ, ಆರಾಧನೆಗೆ ಹಾಜರಾಗುವುದು ಕಡ್ಡಾಯವೇ, ನಂಬುವುದೂ ಕಡ್ಡಾಯವೇ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ದಿನಚರಿಯ ಅಂಗವಾಗಿ ಹಾಜರಾತಿಯನ್ನು ಕೇಳುವುದು ನ್ಯಾಯವಾದದ್ದು. ಊಟಕ್ಕೂ ಹಾಸಿಗೆಗೂ ಬದಲಾಗಿ ದೀಕ್ಷಾಸ್ನಾನವನ್ನು ನಿರೀಕ್ಷಿಸುವುದು ಸುವಾರ್ತೆಗೇ ಅವಮಾನ. ಒತ್ತಾಯಕ್ಕೆ ಮಣಿದು ನುಡಿದ ಪ್ರಾರ್ಥನೆ ವ್ಯಸನಿಯೊಳಗೆ ಹೊಸದೊಂದು ನಟನೆಯನ್ನು ಬೆಳೆಸುತ್ತದೆ, ಮುಚ್ಚಿಟ್ಟು ನಟಿಸುವುದೋ ಅವನಿಗೆ ಆಗಲೇ ರೂಢಿಯಾಗಿರುವ ವಿದ್ಯೆ. ಸಾಕ್ಷಿ ಹೇಳಿಸುವ, ಅಂದರೆ ತನ್ನ ಬದುಕು ಬದಲಾದ ಕಥೆಯನ್ನು ಎಲ್ಲರ ಮುಂದೆ ಹೇಳಿಸುವ ಬಗ್ಗೆಯೂ ಇಲ್ಲಿಯೇ ಕೇಳಬೇಕು: ದೇಣಿಗೆ ಸಂಗ್ರಹದ ಸಭೆಗಳಲ್ಲಿ, ವಿಡಿಯೋಗಳಲ್ಲಿ ನಿವಾಸಿಯ ಮುಖ ಮತ್ತು ಕಥೆಯನ್ನು ಬಳಸಲು ಅವನ ಲಿಖಿತ ಒಪ್ಪಿಗೆ ಬೇಕು, ಬೇಡವೆನ್ನುವ ಸ್ವಾತಂತ್ರ್ಯವೂ ಅವನಿಗಿರಬೇಕು.

ಸೇರುವ ದಿನ ಮತ್ತು ಮೊದಲ ತಿಂಗಳುಗಳು

ಹೊರಡುವ ಮುನ್ನ ಬಾಕಿ ಇರುವ ಸಾಲ, ನ್ಯಾಯಾಲಯದ ದಿನಾಂಕ, ಕೆಲಸದ ರಜೆ, ಮಕ್ಕಳ ಜವಾಬ್ದಾರಿ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾರು ಏನನ್ನು ನೋಡಿಕೊಳ್ಳುತ್ತಾರೆಂದು ಹಂಚಿಕೊಳ್ಳಬೇಕು. ಒಳಗೆ ಹೋದ ಮೂರನೇ ವಾರದಲ್ಲಿ ಇಂಥ ಒಂದು ತೀರದ ಚಿಂತೆಯೇ ಹೊರಗೆ ಬರಲು ನೆಪವಾಗುತ್ತದೆ.

ಸೇರುವ ದಿನ ಚೀಲವನ್ನು ಮೇಜಿನ ಮೇಲೆ ಬಿಚ್ಚಿಸಿ, ಬಟ್ಟೆಯ ಮಡಿಕೆಗಳನ್ನೂ ಜೇಬುಗಳನ್ನೂ ತಡವಿ ನೋಡುತ್ತಾರೆ. ಆಲ್ಕೋಹಾಲ್ ಇರುವ ಮೌತ್‌ವಾಶ್, ಸುಗಂಧದ್ರವ್ಯ, ಕೆಮ್ಮಿನ ಸಿರಪ್‌ಗಳನ್ನು ಬದಿಗಿಡುತ್ತಾರೆ. ಇದರಲ್ಲಿ ಅವಮಾನವೆಂದುಕೊಳ್ಳುವಂಥದ್ದು ಏನೂ ಇಲ್ಲ, ಪಕ್ಕದ ಹಾಸಿಗೆಯವನ ರಕ್ಷಣೆಗೂ ಅದು ಬೇಕು. ಔಷಧಗಳನ್ನು ಮಾತ್ರ ನಿಮ್ಮ ಎದುರಿನಲ್ಲೇ ಎಣಿಸಿ, ಮಾತ್ರೆಯ ಹೆಸರು, ಪ್ರಮಾಣ, ಕೊಡಬೇಕಾದ ಹೊತ್ತು ಇವನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿಸಿಕೊಳ್ಳುತ್ತಾರೆಯೇ ನೋಡಿ. ವೈದ್ಯರ ಚೀಟಿಯ ಒಂದು ಪ್ರತಿ ಮನೆಯಲ್ಲೂ ಇರಲಿ.

ಆರಂಭದ ಕೆಲವು ವಾರ ಮನೆಯವರೊಂದಿಗೆ ಫೋನ್ ಸಂಪರ್ಕವನ್ನು ಅನೇಕ ಕೇಂದ್ರಗಳು ನಿಲ್ಲಿಸುತ್ತವೆ ಅಥವಾ ಕಡಿಮೆ ಮಾಡುತ್ತವೆ. ಈ ನಿಯಮಕ್ಕೆ ಕಾರಣವಿದೆ, ಆದರೆ ತುರ್ತು ಸುದ್ದಿ ಎರಡೂ ಕಡೆಗೆ ತಲುಪುವ ದಾರಿ ತೆರೆದಿರಲೇಬೇಕು. ಮೊದಲ ಕರೆಯಲ್ಲಿಯೇ ಮಗ, "ಅಮ್ಮಾ, ನಾನೀಗ ಪೂರ್ತಿ ಸರಿಹೋಗಿದ್ದೇನೆ, ಬಂದು ಕರೆದುಕೊಂಡು ಹೋಗು" ಎನ್ನುವುದು ಬಹಳ ಸಾಮಾನ್ಯ. ದೇಹ ಚೇತರಿಸಿಕೊಂಡು ಹಸಿವು, ನಿದ್ರೆ ಮರಳಿದ ಕೂಡಲೇ ಮನಸ್ಸೂ ಗೆದ್ದಿತೆಂಬ ಭಾವನೆ ಬರುತ್ತದೆ. ಆಗ ತಾಯಿ ಪ್ರೀತಿಯಿಂದಲೇ, "ನಿನ್ನ ಮಾತು ಕೇಳಿಸಿಕೊಂಡೆ ಕಂದಾ, ಮುಂದಿನ ಭೇಟಿಯ ದಿನ ಕುಳಿತು ಮಾತಾಡೋಣ" ಎನ್ನಬಹುದು. ಆದರೆ ಬೇಗ ಏಳಿಸುತ್ತಾರೆ, ಪಾತ್ರೆ ತೊಳೆಸುತ್ತಾರೆ ಎಂಬ ದೂರು ಬೇರೆ, ಹೊಡೆದರು, ಊಟ ಕೊಡಲಿಲ್ಲ, ಜ್ವರ ಬಂದರೂ ವೈದ್ಯರನ್ನು ಕರೆಸಲಿಲ್ಲ, ಮೈಮುಟ್ಟಿದರು ಎಂಬ ದೂರು ಬೇರೆ. ಎರಡನೆಯ ಬಗೆಯ ಮಾತು ಕೇಳಿದ ದಿನವೇ ಹೋಗಿ ನೋಡಬೇಕು. ವ್ಯಸನಿಗಳು ಸುಳ್ಳು ಹೇಳುತ್ತಾರೆಂಬ ಮಾತನ್ನು ನಂಬಿ ಸುಮ್ಮನಾಗಬಾರದು.

ಹೊರಬರುವ ಹೊತ್ತು

ಅತ್ಯಂತ ಅಪಾಯದ ಸಮಯ ಇದೇ. ತಿಂಗಳುಗಟ್ಟಲೆ ಮಾದಕ ವಸ್ತು ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅವನು ಒಮ್ಮೆ ಎಡವಿ, ಮೊದಲಿನಷ್ಟೇ ಹೆರಾಯಿನ್ ತೆಗೆದುಕೊಂಡರೆ ಉಸಿರಾಟ ನಿಂತು ಸಾಯಬಹುದು. ಕೋರ್ಸ್ ಮುಗಿಸಿ ಹೂಮಾಲೆ ಹಾಕಿಸಿಕೊಂಡು ಬಂದವನಿಗೂ, ಮಧ್ಯದಲ್ಲೇ ಜಗಳವಾಡಿ ಹೊರಟುಬಂದವನಿಗೂ ಈ ಅಪಾಯ ಒಂದೇ. ನಲೋಕ್ಸೋನ್ ಎಂಬ ಔಷಧ ಅಫೀಮು ವರ್ಗದ ಅತಿಸೇವನೆಯ ಪರಿಣಾಮವನ್ನು ತಾತ್ಕಾಲಿಕವಾಗಿ ತಡೆಯುತ್ತದೆ; ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಮತ್ತು ಬಳಸುವುದು ಹೇಗೆಂದು ವೈದ್ಯರಿಂದ ಮೊದಲೇ ತಿಳಿದುಕೊಳ್ಳಿ. ಔಷಧ ಕೊಟ್ಟ ಮೇಲೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಬಿಡುಗಡೆಗೆ ಎರಡು ಮೂರು ತಿಂಗಳು ಮುಂಚೆಯೇ ಹೊರಗಿನ ಬದುಕನ್ನು ಜೋಡಿಸತೊಡಗಬೇಕು. ಎಲ್ಲಿ ವಾಸ, ಏನು ಕೆಲಸ, ಸಂಬಳ ಕೈಗೆ ಬಂದ ದಿನ ಹಣ ಯಾರ ಬಳಿ, ಹಳೆಯ ಗೆಳೆಯ ಬಾಗಿಲು ತಟ್ಟಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ನಿವಾಸಿ, ಸಲಹೆಗಾರ, ಮನೆಯವರು ಮೂವರೂ ಕುಳಿತು ಬರೆದ ಯೋಜನೆಯಲ್ಲಿರಲಿ. ಊರಿನ ಸಭೆಯೂ ಇದರಲ್ಲಿ ಪಾಲು ಪಡೆಯಬೇಕು. ಬಂದ ಮೊದಲ ಭಾನುವಾರವೇ ವೇದಿಕೆಗೆ ಹತ್ತಿಸಿ ಸಾಕ್ಷಿ ಹೇಳಿಸುವ ಉತ್ಸಾಹವನ್ನು ಪಾಸ್ಟರುಗಳು ತಡೆದುಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ: ಎಲ್ಲರ ಮುಂದೆ ಗೆದ್ದೆನೆಂದು ಹೇಳಿದವನಿಗೆ, ಮರುವಾರ ಮನಸ್ಸು ಅಲುಗಿದಾಗ ಯಾರ ಬಳಿಯೂ ಬಾಯಿ ಬಿಡಲಾಗುವುದಿಲ್ಲ. ಅವನಿಗೆ ಬೇಕಾದದ್ದು ವಾರಕ್ಕೆರಡು ಸಲ ಜೊತೆಗೆ ಕುಳಿತು, ಬೆರಗಾಗದೆ ಕೇಳಿಸಿಕೊಳ್ಳುವ ಒಬ್ಬ ಹಿರಿಯ. ಹೊಸದಾಗಿ ಮುಗಿಸಿದವನನ್ನು ಅದೇ ಕೇಂದ್ರದಲ್ಲಿ ಸಿಬ್ಬಂದಿಯಾಗಿ ಉಳಿಸಿಕೊಳ್ಳುವ ಪದ್ಧತಿಯೂ ಉಂಟು. ಕೆಲವರಿಗೆ ಅದು ಆಸರೆ, ಆದರೆ ಹೊರಗಿನ ಬದುಕನ್ನು ಎದುರಿಸುವುದನ್ನು ಅದು ಮುಂದೂಡುತ್ತದೆ ಎಂಬುದನ್ನು ಮನೆಯವರು ಅರಿತಿರಬೇಕು.

ಮತ್ತೆ ಕುಡಿದರೆ ಏನು ಮಾಡುವುದೆಂದು ಮೊದಲೇ ಮಾತಾಡಿಕೊಳ್ಳುವುದನ್ನು ಅಪಶಕುನವೆಂದು ಭಾವಿಸಬೇಡಿ. ಯಾವ ವೈದ್ಯರಿಗೆ ಹೇಳಬೇಕು, ಕೇಂದ್ರ ಮತ್ತೆ ಸೇರಿಸಿಕೊಳ್ಳುತ್ತದೆಯೇ, ಸೇರಿಸಿಕೊಂಡರೆ ಎಷ್ಟು ದಿನ ಕಾಯಬೇಕು, ಆ ದಿನಗಳಲ್ಲಿ ಅವನು ಯಾರ ಮನೆಯಲ್ಲಿರುತ್ತಾನೆ ಎಂಬ ನಾಲ್ಕು ಉತ್ತರಗಳನ್ನು ಅವನು ಸ್ವಸ್ಥನಾಗಿರುವಾಗ, ಅವನ ಕೈಯಿಂದಲೇ ಬರೆಸಿಟ್ಟುಕೊಳ್ಳಿ.