ಜಗಲಿಯಿಂದ ಹಿತ್ತಲಿಗೆ, ಕೆಸರು ತುಳಿಯದೆ

ತೀರ್ಥಹಳ್ಳಿ ಕಡೆಯ ಇಳಿಜಾರು ಜಾಗ, ಹೆಂಚಿನ ಮನೆ. ಮುಂದೆ ಅಂಗಳ, ಬಲಕ್ಕೆ ಬಾವಿಕಟ್ಟೆ, ಹಿಂದೆ ಬಚ್ಚಲುಮನೆ, ಅದರಾಚೆ ಹಿತ್ತಲು. ಎಲ್ಲವೂ ಇತ್ತು, ಮಳೆ ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಇರಲಿಲ್ಲ.

ಆ ದಾರಿ ಮಾಡಲು ಹಾಕಿದ ನಕ್ಷೆಯಲ್ಲಿ ಮೊದಲು ಬರೆದದ್ದು ನೀರಿನ ಗೆರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಪೇಟೆಮನೆಯ ತೋಟ ನೋಡಿ ಇಲ್ಲಿ ನಕಲು ಹೊಡೆದರೆ ಒಂದೇ ಆಷಾಢಕ್ಕೆ ಮುಗಿಯಿತು. ಸಾವಿರ ಚದರಡಿ ಮಾಡಿನ ಮೇಲೆ ಒಂದಿಂಚು ಮಳೆ ಬಿದ್ದರೆ ಸೂರಿನಿಂದ ಸುಮಾರು 2,300 ಲೀಟರ್ ಇಳಿಯುತ್ತದೆ. ಸೂರಿನ ನೀರು ಬೀಳುವ ಜಾಗಕ್ಕೆ ಮಳೆ ಹೊಯ್ಯುವಾಗಲೇ ಗೂಟ ಹೊಡೆದು, ಅಲ್ಲೇ ಒಂದೂವರೆ ಅಡಿ ಅಗಲ, ಒಂದಡಿ ಆಳದ ಕಾಲುವೆ ತೆಗೆದೆ. ಅಂಚಿಗೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು), ತಳಕ್ಕೆ ಮೂರಿಂಚು ಮುಷ್ಟಿಗಾತ್ರದ ಕಲ್ಲು. ಕಲ್ಲು ಹಾಕದಿದ್ದರೆ ಮಣ್ಣು ಸಿಡಿದು ಗೋಡೆ ಮೊಣಕಾಲೆತ್ತರಕ್ಕೆ ಕೆಂಪಾಗುತ್ತದೆ. ಇಳುಕಲು ಹತ್ತಡಿಗೆ ಎರಡಿಂಚು. ಕಡಿಮೆಯಾದರೆ ತರಗೆಲೆ ಕೂತು ಕಟ್ಟುತ್ತದೆ, ಅತಿಯಾದರೆ ಕೊನೆಯಲ್ಲಿ ಮಣ್ಣು ಕೊರೆಯುತ್ತದೆ.

ದಾರಿಯ ಅಗಲ ಮೂರೂವರೆ ಅಡಿ: ಕೊಡ ಹೊತ್ತವರ ಪಕ್ಕದಲ್ಲಿ ಇನ್ನೊಬ್ಬರು ದಾಟುವಷ್ಟು. ಆರಿಂಚು ಅಗೆದು, ತಳವನ್ನು ದಿಮ್ಮಸಿನಿಂದ ಬಡಿದು, ನಾಲ್ಕಿಂಚು ಜಲ್ಲಿ, ಎರಡಿಂಚು ಮರಳು, ಮೇಲೆ ಎರಡಿಂಚು ದಪ್ಪದ ಒರಟು ಚಪ್ಪಡಿ. ಸಂದಿಗೆ ಮರಳೇ, ಸಿಮೆಂಟು ಹಾಕಿದರೆ ನೀರು ಇಂಗದೆ ಮೇಲೆ ನಿಲ್ಲುತ್ತದೆ. ದಾರಿಯ ನಡುವೆ ಅಂಚಿಗಿಂತ ಅರ್ಧ ಇಂಚು ಎತ್ತರ. ನಾನು ಎಡವಿದ್ದು ಒಂದು ಕಡೆ: ಮೊದಲ ಸಲ ಚಪ್ಪಡಿಯನ್ನು ನೆಲಕ್ಕೆ ಸಮ ಕೂರಿಸಿದ್ದೆ. ಮೇಲಿನ ದರೆಯ ಮಣ್ಣೆಲ್ಲ ಬಂದು ಅದರ ಮೇಲೇ ಕೂತಿತು. ಎಲ್ಲವನ್ನೂ ಕಿತ್ತು, ತಳಕ್ಕೆ ಇನ್ನಷ್ಟು ಜಲ್ಲಿ ಕೊಟ್ಟು ಎರಡಿಂಚು ಎತ್ತರಿಸಿದ ಮೇಲೆ ಸರಿಹೋಯಿತು.

ಜಂಬಿಟ್ಟಿಗೆ ನೀರು ಕುಡಿದು ಹಾವಸೆ ಹಿಡಿಯುತ್ತದೆ. ಕಟ್ಟೆಗೆ, ಅಂಚಿಗೆ ಚೆಂದ, ಕಾಲಿಡಲು ಅಪಾಯ. ಚಪ್ಪಡಿಗೂ ಹಾವಸೆ ಬರುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೆ ಬಿಡುತ್ತದೆ. ಬಾವಿಯ ಹತ್ತಿರ ಮಾತ್ರ ಪುಡಿ ಬೇಡ, ತೆಂಗಿನಕಡ್ಡಿ ಹಿಡಿ ಮತ್ತು ತೋಳಿನ ಬಲವೇ ಸಾಕು.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಅಂದವರೇ ಎಲ್ಲ. ಹಾಕಲಿಲ್ಲ. ಮಳೆ ಮುಗಿದ ಮೇಲೆ ದಿಮ್ಮಸು ಹೊಡೆದು ಸಗಣಿ ಸಾರಿಸಿದ ಮಣ್ಣಂಗಳ ಅಡಿಕೆ ಒಣಗಿಸಲೂ ಆಯಿತು, ಸಂಜೆ ಚಾಪೆ ಹಾಸಲೂ ಆಯಿತು. ಏಪ್ರಿಲ್ ಬಿಸಿಲಿಗೆ ಕಾವಲಿಯಂತೆ ಕಾಯುವುದೂ ಇಲ್ಲ. ಮಳೆಗಾಲಕ್ಕೆ ಅಡ್ಡ ದಾಟಲು ಅಡಿಕೆ ಮರ ಸೀಳಿದ ದಬ್ಬೆ ಹಾಸಿದರಾಯಿತು. ಜಗಲಿಯಿಂದ ಅಂಗಳಕ್ಕೆ ಒಂದೂವರೆ ಅಡಿ ಇಳಿತ. ಆರಾರು ಇಂಚಿಗೆ ಭಾಗ ಮಾಡಿ, ಹದಿನಾಲ್ಕಿಂಚು ಅಗಲದ ಮೆಟ್ಟಿಲು. ಹಲಸಿನ ಮರದ ಸುತ್ತ ಕೂರುವ ಕಟ್ಟೆ ಹದಿನಾರಿಂಚು ಎತ್ತರ. ಬುಡದಿಂದ ಎರಡಡಿ ಬಿಟ್ಟೇ ಕಟ್ಟಬೇಕು, ನಡುವೆ ಮಣ್ಣು ತುಂಬಬಾರದು. ತುಂಬಿದರೆ ತೊಗಟೆ ಕೊಳೆಯುತ್ತದೆ.

ಬಚ್ಚಲ ನೀರು ಅಡಿಕೆ ಮರ ಸೀಳಿ ಕೊರೆದ ದಂಬೆಯಲ್ಲಿ ಬಾಳೆಗೆ, ಕೆಸುವಿಗೆ ಹೋಗುತ್ತದೆ. ಹಸಿಯಾಗಿ ಅರೆದು ತಂಬುಳಿ ಮಾಡುವ ಒಂದೆಲಗ, ದೊಡ್ಡಪತ್ರೆ ಬಾವಿಕಟ್ಟೆಯ ಬಳಿ, ಸೋಪು ನೀರು ತಾಗದ ಕಡೆ. ಡೇರೆ ಹೂವಿನ ಗಿಡಕ್ಕೆ (ಡಾಲಿಯಾ) ಒಂಬತ್ತಿಂಚು ಏರಿ ಮಾಡಲೇಬೇಕು, ನೀರು ನಿಂತರೆ ಗಡ್ಡೆ ಉಳಿಯುವುದಿಲ್ಲ. ದಾರಿಯ ಎರಡೂ ಬದಿ ಎರಡಡಿ ಬರಿನೆಲ ಇರಲಿ. ತರಗು ಬಿದ್ದಿದ್ದರೆ ರಕ್ತ ಹೀರುವ ಉಂಬಳ ಅಲ್ಲೇ ಕಾದಿರುತ್ತದೆ.

ಹಲಸಿನ ಕಾಂಡಕ್ಕೆ ಕಟ್ಟಿದ ಸೀತಾಳೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಗಾಳಿಗೆ ಬಿದ್ದ ಕೊಂಬೆಯಲ್ಲಿ ಸಿಕ್ಕಿದ್ದು. ಕಾಡಿನ ಮರದಿಂದ ಕಿತ್ತು ತರುವ ಚಾಳಿ ಬೇಡ. ಮಳೆ ಹಿಡಿಯುವ ಮುಂಚೆ, ಎದೆಯೆತ್ತರದಲ್ಲಿ, ಬೇರು ತೊಗಟೆಗೆ ತಾಗುವಂತೆ ತೆಂಗಿನನಾರಿನಲ್ಲಿ ಬಿಗಿಯಬೇಕು. ಪ್ಲಾಸ್ಟಿಕ್ ದಾರ ಬೇರು ಕೊಯ್ಯುತ್ತದೆ. ನಾರಾದರೆ ಬೇರು ಕಚ್ಚಿಕೊಂಡ ಮೇಲೆ ತಾನೇ ಕಳಚಿ ಬೀಳುತ್ತದೆ.