ಹೊಗೆ ವಾಸನೆಯಿಲ್ಲದ ಯೂನಿಫಾರಂ

ನಮ್ಮ ತೀರ್ಥಹಳ್ಳಿ ಕಡೆ ಆರಿದ್ರೆ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆಯೇ. ಕೆಳಗೆ ಹಂಡೆ ಕಾಯುತ್ತಿರುತ್ತದೆ, ಮೇಲೆ ಗಳದಲ್ಲಿ ಅಂಗಿ ಹೊಗೆ ಕುಡಿಯುತ್ತಿರುತ್ತದೆ. ಮಗಳು ಒಂದು ಸಂಜೆ ಶಾಲೆಯಿಂದ ಬಂದವಳೇ ‘ಪಕ್ಕದಲ್ಲಿ ಕೂತವಳು ಮೂಗು ಮುಚ್ಚಿಕೊಂಡಳು’ ಎಂದು ಅತ್ತಳು. ನನ್ನದು ಗೇಟು, ಗ್ರಿಲ್ಲು ಬೆಸೆಯುವ ಸಣ್ಣ ವರ್ಕ್‌ಶಾಪು. ಆ ವಾರವೇ ಹೊಗೆ ತಾಗದಂತೆ ಬಟ್ಟೆ ಒಣಗಿಸುವ ಗೂಡೊಂದರ ಕೆಲಸ ಶುರು ಮಾಡಿದೆ.

ಒಲೆಯ ಹೊಗೆಯನ್ನು ತಗಡಿನ ಕೊಳವೆಯಲ್ಲಿ ಹೊರಗೆ ಕಳಿಸುವುದು. ಬಿಸಿಯಾದ ಕೊಳವೆಯ ಸುತ್ತ ಬಟ್ಟೆ ತಾಗದಂತೆ ಜಾಲರಿ, ಅದರಾಚೆ ಚೌಕಟ್ಟು, ಚೌಕಟ್ಟಿಗೆ ಕ್ಯಾನ್ವಾಸ್ ಪರದೆ. ಬಿಸಿ ಪೋಲಾಗಬಾರದೆಂದು ಮೊದಲನೆಯದನ್ನು ಮೇಲೆ ಕೆಳಗೆ ಬಿಗಿಯಾಗಿ ಮುಚ್ಚಿದ್ದೆ. ಬೆಳಿಗ್ಗೆ ತೆರೆದರೆ ಬಟ್ಟೆ ಇಡ್ಲಿಯ ಹಾಗೆ ಬೆಂದಿತ್ತು! ನೀರು ಬಟ್ಟೆ ಬಿಟ್ಟರೂ ಗೂಡು ಬಿಟ್ಟಿರಲಿಲ್ಲ. 22 ಡಿಗ್ರಿಯ ಮಳೆಗಾಲದ ಗಾಳಿಯನ್ನು 32ಕ್ಕೆ ಕಾಯಿಸಿದರೆ ಸಾಕು, ಶೇ 95 ಇದ್ದ ತೇವಾಂಶ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಮೇಲೆ ಆ ಗಾಳಿಗೆ ಬೇಕಾದ್ದು ಉರಿಯಲ್ಲ, ಹೋಗಲು ದಾರಿ. ಕೆಳಗೆ ಗೇಣಗಲ ಸಂದು ಬಿಟ್ಟೆ, ನೆತ್ತಿಯಲ್ಲಿ ತೂತು ಮಾಡಿದೆ. ಇಷ್ಟಕ್ಕೆ ಒಂದು ತಿಂಗಳು ಹಿಡಿಯಿತು. ಅದು ಮಾರುವ ಮಾಲಾಗಲು ಮೂರು ವರ್ಷ.

ಮೊದಲ ಮಳೆಗಾಲ ಮಾರಿದ 23 ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತುಕ್ಕು ಹಿಡಿದು ವಾಪಸ್ ಬಂದವು. ಬಿಳಿ ಅಂಗಿಗೆ ಕೆಂಪು ಗೆರೆ ಬಿದ್ದರೆ ಯಾರು ಸುಮ್ಮನಿರುತ್ತಾರೆ? ಸತು ಲೇಪಿಸಿದ ಜಿಐ ಪೈಪಿಗೆ ಬದಲಾಯಿಸಿದೆ. ಬೆಸೆದ ಜಾಗದಲ್ಲಿ ಸತು ಸುಟ್ಟುಹೋಗಿ ಅಲ್ಲಿಂದಲೇ ಮತ್ತೆ ತುಕ್ಕು. ಇಪ್ಪತ್ತು ವರ್ಷ ಬೆಸುಗೆಯಲ್ಲೇ ಅನ್ನ ತಿಂದವನು ಬೆಸುಗೆ ಬಿಟ್ಟು ಕ್ಲ್ಯಾಂಪು, ನಟ್ಟು ಬೋಲ್ಟಿಗೆ ಬರಬೇಕಾಯಿತು. ಹಾಗೆ ಮಾಡಿದ ಮೇಲೆ ಬಿಚ್ಚಿ ಪೆಟ್ಟಿಗೆಗೆ ತುಂಬಬಹುದೆಂದು ಗೊತ್ತಾಯಿತು. ಬಸ್ಸಿನ ಟಾಪಿನ ಮೇಲೆ ಸಾಗರಕ್ಕೆ, ಹೊಸನಗರಕ್ಕೆ ಹೋಗತೊಡಗಿದ್ದು ಆಗಲೇ.

ಪೇಟೆಂಟಿನ ಕಥೆ ಹೇಳಲು ನಾಚಿಕೆ. ಏಜೆಂಟರು ಕೇಳಿದ ಮೊದಲ ಪ್ರಶ್ನೆ, ‘ಎಲ್ಲಾದರೂ ತೋರಿಸಿದ್ದೀರಾ?’ ನಾನು ಹೆಮ್ಮೆಯಿಂದ ಕೃಷಿ ಮೇಳದ ಫೋಟೋ ಮುಂದಿಟ್ಟೆ. ಅರ್ಜಿಗೆ ಮೊದಲೇ ಊರಿಗೆಲ್ಲ ತೋರಿಸಿದ, ಮಾರಿದ ವಸ್ತು ಕಾನೂನಿನ ಕಣ್ಣಿಗೆ ಹೊಸದಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನಗಳಿಗೆ ವಿನಾಯಿತಿ ಉಂಟು, ನಮ್ಮ ಮೇಳ ಅದರಲ್ಲಿರಲಿಲ್ಲ. ಮೊದಲೇ ಪ್ರಾವಿಷನಲ್ ಅರ್ಜಿ ಹಾಕಿದ್ದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತಿತ್ತು. ಕೊನೆಗೆ ಹೆಸರಿಗೆ ಟ್ರೇಡ್‌ಮಾರ್ಕ್ ಮಾತ್ರ ಮಾಡಿಸಿದೆ, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಕಾಸು ಖರ್ಚಿಲ್ಲ.

ಬೆಲೆಯಲ್ಲೂ ಎಡವಿದೆ. ಪೈಪು, ಬಟ್ಟೆ, ಕೂಲಿ ಸೇರಿ 2,100 ಆಯಿತೆಂದು 2,800ಕ್ಕೆ ಕೊಟ್ಟೆ. ಅಂಗಡಿಯವರು ಕಾಲು ಭಾಗ ಅವರಿಗೆಂದರು. ಅಂದರೆ ನನ್ನ ಕೈಗೆ ಅದೇ 2,100! ನನ್ನ ಸಂಬಳ, ಬಾಡಿಗೆ, ವಾಪಸ್ ಬಂದ ಮಾಲು ಯಾವುದನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಪೆಟ್ಟಿಗೆಯ ಮೇಲೆ ಎಂಆರ್‌ಪಿ 4,400.

ಅಷ್ಟು ಕೊಟ್ಟು ಯಾರು ಕೊಳ್ಳುತ್ತಾರೆಂದು ಹೆದರಿದ್ದೆ. ‘ಡ್ರೈಯರ್’ ಎಂದಾಗ ಯಾರೂ ಕೊಳ್ಳಲಿಲ್ಲ, ‘ನಮ್ಮನೆ ಬಟ್ಟೆ ಹೇಗೋ ಒಣಗುತ್ತೆ ಮಾರಾಯ್ರೆ’ ಎನ್ನುತ್ತಿದ್ದರು. ಸಾಗರದ ಅಂಗಡಿಯೊಂದರಲ್ಲಿ ಎರಡು ಯೂನಿಫಾರಂ ನೇತುಹಾಕಿದೆ, ಒಂದು ಗಳದಲ್ಲಿ ಒಣಗಿದ್ದು, ಇನ್ನೊಂದು ಗೂಡಿನದು. ‘ಮೂಸಿ ನೋಡಿ’ ಎಂದೆ, ಅಷ್ಟೇ. ಹೆಂಗಸರು ಮೂಸಿದರು, ಗಂಡಸರು ದುಡ್ಡು ಎಣಿಸಿದರು.

ಕಷ್ಟವೆಂದರೆ ಫೆಬ್ರವರಿಯಿಂದ ಮೇ ತನಕ ಸಾಲದ ದುಡ್ಡಲ್ಲಿ ಮಾಡಿಟ್ಟದ್ದೆಲ್ಲ ಪುಷ್ಯ ಮಳೆ ಮುಗಿಯುವುದರೊಳಗೆ ಹೋಗಬೇಕು. ಆಮೇಲೆ ಬರುವ ಫೋನೆಲ್ಲ ಪರದೆಗೆ. ಅಟ್ಟಕ್ಕೆ ಎತ್ತಿಟ್ಟಲ್ಲಿ ಇಲಿ ಕಡಿದಿರುತ್ತದೆ. ಬಿಡಿ ಪರದೆಗೆ 650, ಕೊರಿಯರ್ ಬೇರೆ.