ಸಿವಿಲೈಸೇಷನ್ 6: ಪಾಲಿಸಿ ಕಾರ್ಡನ್ನು ನಾನು ಆರಿಸುವ ಲೆಕ್ಕ

ಸಿವಿಲೈಸೇಷನ್ 6 ಎಂಬ ಕಂಪ್ಯೂಟರ್ ಆಟದಲ್ಲಿ ನಾಗರಿಕತೆಯೊಂದನ್ನು ಟರ್ನ್ ಟರ್ನ್ ಆಗಿ ಬೆಳೆಸಬೇಕು. ಸರ್ಕಾರದ ಸ್ಲಾಟ್‌ಗಳಲ್ಲಿ (ಖಾನೆಗಳಲ್ಲಿ) ಕೂರಿಸಿ ಲಾಭ ಪಡೆಯುವ ಕಾರ್ಡ್‌ಗಳೇ ಪಾಲಿಸಿ ಕಾರ್ಡ್. ಯಾವ ಪಾಲಿಸಿ ಕಾರ್ಡ್ ಒಳ್ಳೆಯದು ಎಂದು ಕೇಳಿದವರನ್ನು ನಾನು ಮೊದಲು ಕೇಳುವುದು ಇಷ್ಟೇ: ಮುಂದಿನ ಹತ್ತು ಟರ್ನ್‌ಗಳಲ್ಲಿ ನಿಮ್ಮ ನಗರಗಳು ಏನನ್ನು ತಯಾರಿಸಲಿವೆ? ಸೆಟ್ಲರ್ (ಹೊಸ ನಗರ ಸ್ಥಾಪಿಸುವ ಯೂನಿಟ್) ಮಾಡದ ಹೊತ್ತಿನಲ್ಲಿ, ಸೆಟ್ಲರ್ ತಯಾರಿಯನ್ನು ಚುರುಕಾಗಿಸುವ ಕಾಲನೈಸೇಷನ್ ಕಾರ್ಡ್ ಇಟ್ಟರೆ ಆ ಸ್ಲಾಟ್ ಖಾಲಿ ಇದ್ದಂತೆಯೇ. ಅದಕ್ಕೇ ಒಂದೇ ಜಾತಿಯ ಕೆಲಸಗಳನ್ನೆಲ್ಲ ಒಟ್ಟಿಗೆ ಹಿಡಿದು, ಅದಕ್ಕೆ ತಕ್ಕ ಕಾರ್ಡ್ ಹಾಕಿ, ಕೆಲಸ ಮುಗಿದ ಕೂಡಲೇ ತೆಗೆಯುತ್ತೇನೆ. ಇಲ್ಲಿರುವ ಲೆಕ್ಕಗಳು ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆ ಸೇರಿಸಿದ ಆಟದವು, ಸ್ಟ್ಯಾಂಡರ್ಡ್ ವೇಗದವು.

ಕೋಡ್ ಆಫ್ ಲಾಸ್ ಎಂಬ ಮೊದಲ ಸಿವಿಕ್ (ಸಂಸ್ಕೃತಿಯ ಅಂಕಗಳಿಂದ ಕಲಿಯುವ ಸಾಮಾಜಿಕ ವಿಷಯ) ಮುಗಿದಾಗ ಸಿಗುವುದು ಒಂದು ಮಿಲಿಟರಿ ಸ್ಲಾಟ್, ಒಂದು ಎಕನಾಮಿಕ್ ಸ್ಲಾಟ್. ಮಿಲಿಟರಿಗೆ ಡಿಸಿಪ್ಲಿನ್: ಬಾರ್ಬೇರಿಯನ್‌ಗಳ ವಿರುದ್ಧ 5 ಬಲ ಹೆಚ್ಚು. ಎಕನಾಮಿಕ್‌ನಲ್ಲಿ ಗಾಡ್ ಕಿಂಗೋ ಅರ್ಬನ್ ಪ್ಲಾನಿಂಗೋ ಎಂಬುದನ್ನು ಪ್ಯಾಂಥಿಯನ್ (ನಾಗರಿಕತೆಯ ಮೊದಲ ಧಾರ್ಮಿಕ ನಂಬಿಕೆ) ನಿರ್ಧರಿಸುತ್ತದೆ. ಪ್ಯಾಂಥಿಯನ್‌ಗೆ 25 ಫೇಯ್ತ್ (ಧರ್ಮದ ಅಂಕ) ಬೇಕು, ಗಾಡ್ ಕಿಂಗ್ ಕೊಡುವುದು ಟರ್ನ್‌ಗೆ 1. ಧಾರ್ಮಿಕ ಸಿಟಿ-ಸ್ಟೇಟ್ (ಒಂದೇ ನಗರದ ಪುಟ್ಟ ರಾಜ್ಯ) ಒಂದನ್ನು ಎಲ್ಲರಿಗಿಂತ ಮೊದಲು ಭೇಟಿಯಾಗಿದ್ದರೆ ಫೇಯ್ತ್ ಅಲ್ಲಿಂದಲೇ ಬರುತ್ತದೆ, ಆಗ ಗಾಡ್ ಕಿಂಗ್ ಬೇಡ. ಬೇರೆ ದಾರಿ ಇಲ್ಲದಿದ್ದರೆ ಅದನ್ನು ಹಾಕಿ, 25 ತುಂಬಿದ ನಂತರದ ಮೊದಲ ಅವಕಾಶದಲ್ಲೇ ಅರ್ಬನ್ ಪ್ಲಾನಿಂಗ್‌ಗೆ ಬದಲಾಯಿಸುತ್ತೇನೆ.

ಅರ್ಲಿ ಎಂಪೈರ್ ಸಿವಿಕ್ ಬಂದಾಗ ಕಾಲನೈಸೇಷನ್ ತೆರೆಯುತ್ತದೆ. ರಾಜಧಾನಿಯ ಪ್ರೊಡಕ್ಷನ್ (ಟರ್ನ್‌ಗೆ ಸಿಗುವ ತಯಾರಿಕೆಯ ಶಕ್ತಿ) 8 ಎಂದಿಟ್ಟುಕೊಳ್ಳಿ. 80ರ ಸೆಟ್ಲರ್‌ಗೆ 10 ಟರ್ನ್ ಬೇಕು. ಕಾರ್ಡಿನ ಶೇ. 50 ಸೇರಿದರೆ 12 ಆಗಿ, 7 ಟರ್ನ್ ಸಾಕು. ಅಂದರೆ ಕಾರ್ಡ್ ಕೊಟ್ಟದ್ದು ಟರ್ನ್‌ಗೆ 4. ಅರ್ಬನ್ ಪ್ಲಾನಿಂಗ್ ನಗರಕ್ಕೆ 1ರಂತೆ ಕೊಡುವುದರಿಂದ ಮೂರು ನಗರ ಇರುವವನಿಗೆ ಸಿಗುವುದು 3. ವ್ಯತ್ಯಾಸ ಸಣ್ಣದು, ಅದೂ ಸೆಟ್ಲರ್ ತಯಾರಾಗುವ ಟರ್ನ್‌ಗಳಲ್ಲಿ ಮಾತ್ರ. ಒಂದೇ ಸೆಟ್ಲರ್‌ಗಾಗಿ ನಾನು ಕಾರ್ಡ್ ಬದಲಿಸುವುದಿಲ್ಲ. ಎರಡು ಮೂರು ನಗರಗಳು ಒಟ್ಟಿಗೆ ಸೆಟ್ಲರ್ ಮಾಡುವಂತೆ ಹೊಂದಿಸಿ, ಕಡಿಯಬೇಕೆಂದಿದ್ದ ಕಾಡನ್ನೂ ಆಗಲೇ ಕಡಿಯುತ್ತೇನೆ. ಕಾಡು ಕಡಿದು ಬಂದ ಪ್ರೊಡಕ್ಷನ್‌ಗೂ ಆ ಶೇ. 50 ಸೇರುತ್ತದೆ, ಕಾರ್ಡಿನ ನಿಜವಾದ ಲಾಭ ಇರುವುದು ಅಲ್ಲಿ.

ಬದಲಾವಣೆ ಪುಕ್ಕಟೆ ಆಗುವುದು ಸಿವಿಕ್ ಮುಗಿದ ಟರ್ನ್‌ನಲ್ಲಿ ಮಾತ್ರ. ಆ ಟರ್ನ್ ದಾಟಿದರೆ ಗೋಲ್ಡ್ ತೆರಬೇಕು. ಆದರೆ ಸಿವಿಕ್ ಒಂದನ್ನು ಅರ್ಧಕ್ಕೆ ಬಿಟ್ಟು ಬೇರೆಯದಕ್ಕೆ ಹೋದರೂ ಆಗಿರುವ ಕೆಲಸ ಹಾಗೇ ಉಳಿಯುತ್ತದೆ. ಹಾಗಾಗಿ ಸದ್ಯಕ್ಕೆ ಬೇಡವಾದ ಒಂದು ಅಗ್ಗದ ಸಿವಿಕ್ಕನ್ನು, ಇನ್ನೊಂದೇ ಟರ್ನ್ ಬಾಕಿ ಇರುವಾಗ ನಿಲ್ಲಿಸಿಬಿಡುತ್ತೇನೆ. ಕಾರ್ಡ್ ಬದಲಿಸಬೇಕಾದ ದಿನ ಅದನ್ನು ಮುಗಿಸಿದರಾಯಿತು.

ಈ ಉಪಾಯ ಅತ್ಯಂತ ಹೆಚ್ಚು ಫಲ ಕೊಡುವುದು ಫ್ಯೂಡಲಿಸಂನಲ್ಲಿ. ಆರು ಹೊಲ ಮಾಡಿದರೆ ಇನ್‌ಸ್ಪಿರೇಷನ್ ಸಿಕ್ಕಿ ಆ ಸಿವಿಕ್‌ನ ಶೇ. 40 ಭಾಗ ಉಳಿಯುತ್ತದೆ. ಅದು ತೆರೆಯುವ ಸರ್ಫ್‌ಡಮ್ ಕಾರ್ಡ್ ಇದ್ದಾಗ ಹೊಸ ಬಿಲ್ಡರ್‌ಗೆ (ಹೊಲ, ಗಣಿ ಕಟ್ಟುವ ಯೂನಿಟ್) 3ರ ಬದಲು 5 ಬಾರಿ ಕೆಲಸ ಮಾಡುವ ಶಕ್ತಿ. ಬಿಲ್ಡರ್ ತಯಾರಾಗಿ ಹೊರಬರುವ ಟರ್ನ್‌ನಲ್ಲಿ ಕಾರ್ಡ್ ಇದೆಯೇ ಎಂಬುದಷ್ಟೇ ಇಲ್ಲಿ ಲೆಕ್ಕ, ಶುರುವಾದಾಗ ಇತ್ತೇ ಎಂಬುದಲ್ಲ. ಆದ್ದರಿಂದ ಫ್ಯೂಡಲಿಸಂ ಹತ್ತಿರವಾದಾಗ ಪ್ರತಿ ನಗರದಲ್ಲೂ ಬಿಲ್ಡರ್ ಶುರುಮಾಡಿ, ಒಂದು ಟರ್ನ್ ಬಾಕಿ ಇರುವಾಗ ಕ್ಯೂನಲ್ಲಿ ಬೇರೆಯದನ್ನು ಮುಂದೆ ಹಾಕುತ್ತೇನೆ. ಸರ್ಫ್‌ಡಮ್ ಕೂರಿಸಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತೇನೆ. ನಾಲ್ಕು ನಗರಗಳಲ್ಲಿ 12ರ ಜಾಗದಲ್ಲಿ 20 ಕೆಲಸ! ಕೂಡಿಟ್ಟ ಗೋಲ್ಡ್‌ನಿಂದ ಕೊಂಡ ಬಿಲ್ಡರ್‌ಗೂ 5 ಸಿಗುತ್ತದೆ. ಹಳೆಯ ಬಿಲ್ಡರ್‌ಗಳಿಗೆ ಮಾತ್ರ ಏನೂ ಸೇರುವುದಿಲ್ಲ.

ಪೊಲಿಟಿಕಲ್ ಫಿಲಾಸಫಿ ಸಿವಿಕ್‌ನಲ್ಲಿ ಸರ್ಕಾರ ಆರಿಸುವಾಗ ಕಣ್ಣು ಸ್ಲಾಟ್‌ಗಳ ಮೇಲೇ ಹೋಗುತ್ತದೆ, ಸರ್ಕಾರದ ಸ್ವಂತ ಗುಣವನ್ನು ಮರೆಯಬಾರದು. ಆಲಿಗಾರ್ಕಿ ನೆಲದ ಮೆಲೀ (ಹತ್ತಿರದಿಂದ ಹೋರಾಡುವ) ಪಡೆಗೆ 4 ಬಲ ಕೊಡುತ್ತದೆ. ಸಮಬಲದವರ ಹೊಡೆತ ಸುಮಾರು 30. 4 ಸೇರಿದರೆ ಅದು 35ರ ಹತ್ತಿರ, ನಿಮಗೆ ಬೀಳುವುದು 26ರ ಆಸುಪಾಸು. 100 ಹೆಲ್ತ್ ಇರುವ ಶತ್ರುವಿಗೆ ನಾಲ್ಕು ಹೊಡೆತ ಬೇಕಿದ್ದಲ್ಲಿ ಸಾಮಾನ್ಯವಾಗಿ ಮೂರೇ ಸಾಕು. ಆದರೆ ಬಿಲ್ಲುಗಾರರಿಗೆ ಇದು ಅನ್ವಯಿಸುವುದಿಲ್ಲ. ಬರೀ ಆರ್ಚರ್‌ಗಳ ಪಡೆ ಕಟ್ಟಿ ಆಲಿಗಾರ್ಕಿ ಹಿಡಿದವರಿಗೆ ಈ 4 ಬಲ ದಕ್ಕುವುದೇ ಇಲ್ಲ. ಯುದ್ಧದ ಯೋಚನೆ ಇಲ್ಲದಿದ್ದರೆ ಕ್ಲಾಸಿಕಲ್ ರಿಪಬ್ಲಿಕ್ ವಾಸಿ: ಎರಡು ಎಕನಾಮಿಕ್ ಸ್ಲಾಟ್, ಡಿಸ್ಟ್ರಿಕ್ಟ್ (ವಿಶೇಷ ಬಡಾವಣೆ) ಇರುವ ನಗರಗಳಿಗೆ ಒಂದೊಂದು ಹೌಸಿಂಗ್ ಮತ್ತು ಅಮೆನಿಟಿ. ಅದರಲ್ಲಿ ಮಿಲಿಟರಿ ಸ್ಲಾಟ್ ಇಲ್ಲ. ಅಗೋಗೆಯಂಥ ಮಿಲಿಟರಿ ಕಾರ್ಡ್ ಬೇಕೆಂದರೆ, ಯಾವ ಬಗೆಯ ಕಾರ್ಡನ್ನೂ ಹಿಡಿಸುವ ವೈಲ್ಡ್‌ಕಾರ್ಡ್ ಸ್ಲಾಟನ್ನೇ ಕೊಡಬೇಕು. ಒಮ್ಮೆ ಬಿಟ್ಟ ಸರ್ಕಾರಕ್ಕೆ ಮರಳಿದರೆ ಅನಾರ್ಕಿ (ಕೆಲವು ಟರ್ನ್ ಸರ್ಕಾರವೇ ಇಲ್ಲದ ಸ್ಥಿತಿ) ಕಾಡುತ್ತದೆ. ಹಾಗಾಗಿ ಎರಡರ ನಡುವೆ ಹೋಗಿ ಬರುವ ಯೋಜನೆಯನ್ನು ನಾನು ಹಾಕಿಕೊಳ್ಳುವುದೇ ಇಲ್ಲ.

ಕಾನ್‌ಸ್ಕ್ರಿಪ್ಷನ್ ಕಾರ್ಡ್ ಹಾಕುವ ಮುಂಚೆ ಪಡೆಯ ನಿರ್ವಹಣೆಯ ಖರ್ಚು ನೋಡಿ. ಇದು ಪ್ರತಿ ಯೂನಿಟ್‌ಗೆ 1 ಗೋಲ್ಡ್ ಉಳಿಸುತ್ತದೆ, ಆದರೆ ವಾರಿಯರ್ ಮತ್ತು ಸ್ಲಿಂಗರ್‌ಗಳ ಖರ್ಚು ಮೊದಲೇ ಸೊನ್ನೆ. ಆರು ಆರ್ಚರ್ ಇದ್ದರೆ 6 ಉಳಿತಾಯ, ಆರು ವಾರಿಯರ್ ಇದ್ದರೆ ಏನೂ ಇಲ್ಲ.

ಮರ್ಸಿನರೀಸ್ ಸಿವಿಕ್‌ನಲ್ಲಿ ಬರುವ ಪ್ರೊಫೆಷನಲ್ ಆರ್ಮಿ ಅಪ್‌ಗ್ರೇಡ್ ಗೋಲ್ಡನ್ನು ಅರ್ಧಕ್ಕೆ ಇಳಿಸುತ್ತದೆ. ಇದನ್ನು ಕಾಯಂ ಆಗಿ ಇಡುವ ಅಗತ್ಯವಿಲ್ಲ. ಬೇಕಾದ ತಂತ್ರಜ್ಞಾನ ಕಲಿತು, ಗೋಲ್ಡ್ ಕೂಡಿಟ್ಟು, ಪಡೆಯನ್ನು ಸ್ವಂತ ಗಡಿಯೊಳಗೆ ಕರೆತಂದು, ಆಮೇಲೆ ಎತ್ತಿಟ್ಟ ಸಿವಿಕ್ಕನ್ನು ಮುಗಿಸುತ್ತೇನೆ. ಗಡಿಯ ಹೊರಗಿರುವ ಯೂನಿಟ್‌ಗೆ ಅಪ್‌ಗ್ರೇಡ್ ಬಟನ್ ಕೆಲಸ ಮಾಡುವುದಿಲ್ಲ. ಕಬ್ಬಿಣ ಅಥವಾ ನೈಟರ್ ಸಾಲದಿದ್ದರೆ ಗೋಲ್ಡ್ ಎಷ್ಟಿದ್ದರೂ ಪ್ರಯೋಜನವಿಲ್ಲ, ಅದನ್ನು ಮೊದಲೇ ಎಣಿಸಿಟ್ಟುಕೊಳ್ಳಿ. ಎಲ್ಲವೂ ಅಪ್‌ಗ್ರೇಡ್ ಆದ ಮೇಲೆ, ಮುಂದಿನ ಸಿವಿಕ್ ಮುಗಿದ ಟರ್ನ್‌ನಲ್ಲಿ ಆ ಕಾರ್ಡ್ ಹೊರಗೆ.